ಮಾವನವರ ರಕ್ತನಾಳ ಮತ್ತು ಹತ್ತು ಸೇರು ಸೋಯಾ

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಮೂರೋ ನಾಲ್ಕೋ ವರ್ಷವಾಗಿತ್ತು. ನಾನು ಮೈಸೂರಿನ ದಿನಪತ್ರಿಕೆಯೊಂದರ ಮಡಿಕೇರಿ ಬಾತ್ಮೀದಾರ. ಕಂಡದ್ದನ್ನು ಬರೆಯುವುದು, ಕಾಣದ್ದನ್ನು ಕಂಡವರಿಂದ ಕೇಳಿ ಬರೆಯುವುದು, ಕಂಡವರೂ ಸಿಗದಿದ್ದರೆ ಸುಮ್ಮನಿರುವುದು. ಇಷ್ಟೇ ಆ ಕೆಲಸದ ಧರ್ಮ. ಕೆಳಗಿನ ಸಂಗತಿಗಳನ್ನೂ ಅದೇ ಧರ್ಮದಂತೆ ದಾಖಲಿಸುತ್ತಿದ್ದೇನೆ. ಇವುಗಳಲ್ಲಿ ಒಂದನ್ನು ಬಿಟ್ಟು ಉಳಿದೆಲ್ಲವನ್ನೂ ನಾನು ಕಣ್ಣಾರೆ ಕಂಡಿದ್ದೇನೆ, ಇಲ್ಲವೇ ಕಂಡವರಿಂದ ಕೇಳಿದ್ದೇನೆ. ಅನಾಹುತವಾದದ್ದು ಆ ಒಂದರಿಂದ.

ನನ್ನ ಮಾವ ಕುಶಾಲಪ್ಪನವರಿಗೆ ಚೇರಂಬಾಣೆಯ ಕಡೆ ಒಂದಿಷ್ಟು ಗದ್ದೆ, ಒಂದಿಷ್ಟು ಕಾಫಿ. ಅರವತ್ತು ದಾಟಿದ್ದರೂ ಕತ್ತಿ ಹಿಡಿದು ತೋಟಕ್ಕಿಳಿಯುವವರು. ಒಂದು ದಿನ ನಿಂತಲ್ಲೇ ತಲೆ ತಿರುಗಿ ಕಾಫಿ ಗಿಡ ಹಿಡಿದುಕೊಂಡು ಕುಳಿತರಂತೆ. ಸುದ್ದಿ ಕೇಳಿದ ನನ್ನ ಹೆಂಡತಿ ದೇವಕಿ ಮೊದಲ ಬಸ್ಸಿಗೇ ಹೋಗಿ ಅಪ್ಪನನ್ನು ಮಡಿಕೇರಿಗೆ ಕರೆತಂದಳು. ಡಾಕ್ಟರರು ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಪಾದರಸ ಏರಿದ್ದನ್ನು ಒಮ್ಮೆ ನೋಡಿ, ಇನ್ನೊಮ್ಮೆ ನೋಡಿ, ಕನ್ನಡಕ ತೆಗೆದರು.

“ಪ್ರೆಶರ್ ಬಹಳ ಇದೆ. ರಕ್ತನಾಳ ಗಡುಸಾಗ್ತಾ ಇವೆ. ಹಂದಿ ಮಾಂಸ ಬಿಡಬೇಕು. ಉಪ್ಪು ಕಡಿಮೆ ಮಾಡಬೇಕು. ಎರಡು ತಿಂಗಳು ಮಗಳ ಮನೆಯಲ್ಲೇ ಇರಿ. ವಾರ ವಾರ ಬಂದು ತೋರಿಸಿ.”

“ಹಂದಿ ಬಿಟ್ಟರೆ ಇಳಿದದೆಯಾ?” ಎಂದರು ಮಾವ, ಕೊಡಗಿನ ಗೌಡರ ಅರೆಭಾಷೆಯಲ್ಲಿ.

“ಬಿಡದಿದ್ದರೆ ಇಳಿಯೋದಿಲ್ಲ. ಅಷ್ಟನ್ನ ಖಂಡಿತ ಹೇಳಬಲ್ಲೆ.”

ದಾರಿಯುದ್ದಕ್ಕೂ ದೇವಕಿ ಅಪ್ಪನ ತೋಳು ಹಿಡಿದೇ ನಡೆದಳು. ಅವಳ ದೊಡ್ಡಪ್ಪ, ಅಂದರೆ ಮಾವನ ಅಣ್ಣ, ಎರಡು ವರ್ಷದ ಹಿಂದೆ ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದವರು ಲೋಟ ಕೈಬಿಟ್ಟಿದ್ದರು. ಆಮೇಲೆ ಆ ಕೈ ಏಳಲಿಲ್ಲ. ತಿಂಗಳೊಳಗೆ ಅವರೂ ಉಳಿಯಲಿಲ್ಲ. ಮನೆ ಮುಟ್ಟಿದ ಕೂಡಲೇ ದೇವಕಿ ಅಪ್ಪನ ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡಳು.

“ಹಂದಿ ಮುಟ್ಟುದಿಲ್ಲೆ ಅಂತ ಹೇಳಿ ಅಪ್ಪ.”

ಮಾವ ಕಿಟಕಿಯಾಚೆ ನೋಡುತ್ತಲೇ, “ಆತು. ನೀನು ತಿನ್ನಿ ಅಂತ ಹೇಳುವವರೆಗೆ ಮುಟ್ಟುದಿಲ್ಲೆ” ಎಂದರು.

ವಿಷಯ ಇಲ್ಲಿಗೆ ಮುಗಿಯಬಹುದಿತ್ತು. ಆದರೆ ನಾನು ಮನೆಯಲ್ಲಿದ್ದೆ.

ಹಿಂದಿನ ವಾರವಷ್ಟೇ ನಾನು ಕುಶಾಲನಗರದಲ್ಲಿ ಕೃಷಿ ಪ್ರದರ್ಶನವೊಂದರ ವರದಿಗೆ ಹೋಗಿದ್ದೆ. ಅಲ್ಲಿ ಒಂದು ಮೇಜಿನ ಮೇಲೆ ಹಳದಿ ಬಣ್ಣದ ಗುಂಡು ಕಾಳುಗಳ ರಾಶಿ ಇತ್ತು. ಸೋಯಾ ಅವರೆ! ಅದರಿಂದ ಹಾಲು ಮಾಡಬಹುದು, ಹಿಟ್ಟು ಮಾಡಬಹುದು, ಗಿಣ್ಣು ಮಾಡಬಹುದು, ಮಾಂಸಕ್ಕೆ ಬದಲು ಬಳಸಬಹುದು ಎಂದು ಮೇಜಿನ ಹಿಂದಿದ್ದ ಅಧಿಕಾರಿ ವಿವರಿಸಿದರು. ಅವರು ಕೊಟ್ಟ ನಾಲ್ಕು ಪುಟದ ಕರಪತ್ರದ ಕೊನೆಯಲ್ಲಿ ಒಂದು ಸಾಲಿತ್ತು: “ಸೋಯಾ ಆಹಾರವು ರಕ್ತನಾಳಗಳ ಆರೋಗ್ಯಕ್ಕೆ ಹಿತಕರ ಎನ್ನಲಾಗಿದೆ.”

‘ಎನ್ನಲಾಗಿದೆ’ ಎಂದರೆ ಏನೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಯಾರೂ ನೋಡಿಲ್ಲ ಎಂದರ್ಥ. ನಾನೇ ದಿನಕ್ಕೆ ನಾಲ್ಕು ಸಲ ಬರೆಯುತ್ತೇನೆ. ಆದರೆ ಅಂದು ಅದು ನನ್ನ ಕಣ್ಣಿಗೆ ಬೀಳಲಿಲ್ಲ.

“ನೀನು ಚಿಂತೆ ಮಾಡಬೇಡ. ಮಾವನ ರಕ್ತನಾಳ ನನಗೆ ಬಿಡು” ಎಂದೆ ದೇವಕಿಗೆ.

ಮರುದಿನ ಕುಶಾಲನಗರಕ್ಕೆ ಹೋಗಿ ಹತ್ತು ಸೇರು ಸೋಯಾ ತಂದೆ.

ಮೊದಲ ಪ್ರಯೋಗ ಸೋಯಾ ಹಾಲಿನದು. ನೆನೆಸಿ, ಒರಳಿನಲ್ಲಿ ರುಬ್ಬಿ, ಬಟ್ಟೆಯಲ್ಲಿ ಸೋಸಿ, ಕುದಿಸಿ, ಮಾವನ ಬೆಳಗಿನ ಕಾಫಿಗೆ ಬೆರೆಸಿದೆ. ಕಾಫಿಯೊಳಗೆ ಅದು ಒಡೆಯಿತು. ಕಂದು ನೀರಿನಲ್ಲಿ ಬಿಳಿ ಚೂರುಗಳು ತೇಲಿದವು. ಮಾವ ಕಾಫಿ ಬೆಳೆಗಾರರು. ಲೋಟವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಅಳಿಯ, ಇದರೊಳಗೆ ಎಂಥದೋ ಸತ್ತು ಬಿದ್ದುಟ್ಟು” ಎಂದರು.

ಎರಡನೆಯದು ಸೋಯಾ ಕಡುಬು. ಅಕ್ಕಿ ತರಿಯ ಬದಲು ಸೋಯಾ ತರಿ ಹಾಕಿ ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸಿದೆ. ಒಂದು ಗಂಟೆ ಬೇಯಿಸಿದೆ. ಎರಡು ಗಂಟೆ ಬೇಯಿಸಿದೆ. ಸೌದೆ ಮುಗಿಯಿತು. ಮಾವ ಒಂದು ಉಂಡೆಯನ್ನು ಅಂಗೈಯಲ್ಲಿಟ್ಟು ತೂಗಿ ನೋಡಿ, “ಕೋವಿಗೆ ಹಾಕಿಕೆ ಅಡ್ಡಿ ಇಲ್ಲೆ” ಎಂದರು. ತಿನ್ನುವ ಬಗ್ಗೆ ಅಭಿಪ್ರಾಯ ತಿಳಿಸಲಿಲ್ಲ.

ಆಗ ನನಗೆ ವಿಷಯದ ಬೇರು ಹೊಳೆಯಿತು. ಮಾವನಿಗೆ ಬೇಕಾದದ್ದು ಕಾಫಿಯಲ್ಲ, ಕಡುಬಲ್ಲ, ಹಂದಿ. ಹಾಗಾದರೆ ಸೋಯಾದಿಂದಲೇ ಹಂದಿ ಸಾರು ಮಾಡಿದರೆ?

ಕರಪತ್ರದ ಮೂರನೆಯ ಪುಟದಲ್ಲಿ ಸೋಯಾ ಗಿಣ್ಣಿನ ವಿಧಾನವಿತ್ತು. ಕುದಿಯುವ ಸೋಯಾ ಹಾಲಿಗೆ ಹುಳಿ ಹಾಕಬೇಕು, ಒಡೆದದ್ದನ್ನು ಬಟ್ಟೆಯಲ್ಲಿ ಕಟ್ಟಿ ಭಾರ ಹೇರಬೇಕು, ಗಟ್ಟಿಯಾದ ಮೇಲೆ ತುಂಡು ಮಾಡಬೇಕು. ಯಾವ ಹುಳಿ ಎಂದು ಬರೆದಿರಲಿಲ್ಲ. ಬೇರೆ ಊರಿನವರು ನಿಂಬೆಹಣ್ಣು ಹುಡುಕುತ್ತಿದ್ದರು. ನಮ್ಮ ಊರಿನಲ್ಲಿ ಹಂದಿಗೆ ಹಾಕುವ ಹುಳಿ ಒಂದೇ, ಕಾಚಂಪುಳಿ. ಹಣ್ಣಿನ ರಸವನ್ನು ದಿನಗಟ್ಟಲೆ ಕುದಿಸಿ ಇಳಿಸಿದ, ಡಾಂಬರಿನಂತೆ ಕಪ್ಪಾದ, ಮಂದವಾದ ಹುಳಿ. ಅತ್ತೆಯವರು ವರ್ಷಕ್ಕೊಂದು ಬಾಟಲಿ ಕಳಿಸುತ್ತಿದ್ದರು. ದೇವಕಿ ಅದನ್ನು ಚಮಚದಲ್ಲಿ ಅಳೆದು, ಮುಚ್ಚಳ ಬಿಗಿದು, ಮೇಲಿನ ಅಟ್ಟಣಿಗೆಯಲ್ಲಿ ಇಡುತ್ತಿದ್ದಳು.

ಎಷ್ಟು ಹುಳಿ ಎಂದೂ ಬರೆದಿರಲಿಲ್ಲ. ಬಾಟಲಿ ಪೂರ್ತಿ ಹಾಕಿದೆ.

ಹಾಲು ಒಡೆಯಿತು. ಒಡೆದು ಕಪ್ಪಾಯಿತು. ಬಟ್ಟೆಯಲ್ಲಿ ಕಟ್ಟಿ ಮೇಲೆ ರುಬ್ಬುಗುಂಡು ಇಟ್ಟೆ. ಮಧ್ಯಾಹ್ನದ ಹೊತ್ತಿಗೆ ಕಪ್ಪು ಇಟ್ಟಿಗೆಯಂಥ ವಸ್ತು ಸಿದ್ಧವಾಯಿತು. ತುಂಡು ಮಾಡಿ, ಮೆಣಸು ಜೀರಿಗೆ ಕೊತ್ತಂಬರಿ ಹುರಿದ ಪುಡಿ ಹಾಕಿ ಬೇಯಿಸಿದೆ. ನೋಡಲು ಅದು ಹಂದಿ ಸಾರೇ. ಪರಿಮಳವೂ ಹಂದಿ ಸಾರೇ. ದೇವಕಿ ಮಾತ್ರ ಬರಿದಾದ ಬಾಟಲಿಯನ್ನು ಕೈಯಲ್ಲಿ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

“ಇದು ಒಂದು ವರ್ಷದ್ದು” ಎಂದಳು.

“ನಿನ್ನ ಅಪ್ಪನ ಜೀವಕ್ಕಿಂತ ಹೆಚ್ಚಾ?” ಎಂದೆ. ಅವಳು ಬಾಟಲಿಯನ್ನು ಕೆಳಗಿಟ್ಟಳು.

ಅಂದು ಊಟಕ್ಕೆ ಸುಬೇದಾರ್ ಮುತ್ತಣ್ಣನವರನ್ನೂ ಕರೆದಿದ್ದೆ. ಅವರು ಸೈನ್ಯದಿಂದ ನಿವೃತ್ತರಾಗಿ, ಊರಾಚೆಯ ಕಣಿವೆ ಇಳಿದು ಹತ್ತಿದರೆ ಸಿಗುವ ದಿಣ್ಣೆಯ ಮೇಲೆ ಮನೆ ಕಟ್ಟಿ, ಹಂದಿ ಕೋಳಿ ಸಾಕಿಕೊಂಡಿದ್ದವರು. ಮಾವನಿಗೆ ಹಳೆಯ ಪರಿಚಯ. ಎಲೆಯ ಮೇಲೆ ಕಪ್ಪು ತುಂಡುಗಳು ಬಿದ್ದಾಗ ಮಾವನ ಮುಖ ಅರಳಿದ್ದನ್ನು ಇಂದಿಗೂ ಮರೆಯಲಾರೆ.

“ದೇವಕೀ, ಡಾಕ್ಟ್ರು ಒಪ್ಪಿದ್ರಾ?” ಎಂದರು. ಧ್ವನಿ ಮಗುವಿನದಾಗಿತ್ತು.

“ತಿನ್ನಿ ಮಾವ, ಆಮೇಲೆ ಹೇಳುತ್ತೇನೆ” ಎಂದೆ. ದೇವಕಿಯೂ ತಿನ್ನಿ ಎಂಬಂತೆ ತಲೆಯಾಡಿಸಿದಳು.

ಇಬ್ಬರೂ ಏಕಕಾಲಕ್ಕೆ ಬಾಯಿಗಿಟ್ಟರು. ಮಾವ ಕಣ್ಣು ಮುಚ್ಚಿದರು. ಒಂದು ಕಿವಿ ಅಲುಗಿತು. ಸುಬೇದಾರರು ಸೈನಿಕರಾದ್ದರಿಂದ ನುಂಗಿದರು. ನುಂಗಿ, ನೀರು ಕುಡಿದು, ಇನ್ನೊಮ್ಮೆ ನೀರು ಕುಡಿದರು.

“ಯುದ್ಧದಲ್ಲಿ ಇದಕ್ಕಿಂತ ಕೆಟ್ಟದ್ದು ತಿಂದಿದ್ದೇನೆ. ಆದರೆ ಆಗ ನಾನು ಶತ್ರುಗಳ ಕೈಯಲ್ಲಿ ಕೈದಿಯಾಗಿದ್ದೆ” ಎಂದರು.

ಊಟದ ನಂತರ ಅವರಿಬ್ಬರೂ ಜಗಲಿಯಲ್ಲಿ ಕುಳಿತು ತಗ್ಗಿದ ದನಿಯಲ್ಲಿ ಬಹಳ ಹೊತ್ತು ಮಾತಾಡಿದರು. ಮಾತುಕತೆಯ ವಿವರ ತಿಳಿದುಬರಲಿಲ್ಲ.

ಮರುದಿನ ಬೆಳಿಗ್ಗೆ ಪವಾಡವಾಯಿತು. ಮಾವ ತಾವಾಗಿಯೇ ಅಡುಗೆಮನೆಗೆ ಬಂದರು.

“ಅಳಿಯ, ನಾನು ಯೋಚನೆ ಮಾಡಿದೆ. ನೀವು ಇಷ್ಟು ಕಷ್ಟಪಡುದು ಕಂಡ್ರೆ ನಂಗೆ ಬೇಜಾರಾದೆ. ಆ ಕಾಳನ್ನ ಸುಮ್ಮನೆ ಮೆತ್ತಗೆ ಬೇಸಿ ಕೊಡಿ, ಹುಳಿ ಗಿಳಿ ಬೊತ್ತು. ಆದರೆ ಇಲ್ಲಿ ಕೂತರೆ ಗಂಟಲಲ್ಲಿ ಇಳಿಯುದಿಲ್ಲೆ. ಸುಬೇದಾರರ ದಿಣ್ಣೆ ಮೇಲೆ ಒಳ್ಳೆ ಗಾಳಿ ಉಟ್ಟು. ಆ ಹಿಡಿಕೆಯ ಡಬ್ಬಿಗೆ ತುಂಬಿಸಿ, ಅಲ್ಲಿಗೆ ತಕ್ಕೊಂಡು ಹೋಗ್ತೆ.”

“ಎಷ್ಟು ತುಂಬಿಸಲಿ ಮಾವ?”

“ಎಷ್ಟು ಹಿಡಿದದೆಯೋ ಅಷ್ಟು.”

ಆ ದಿನದಿಂದ ಬೆಳಿಗ್ಗೆ ಒಂದು ಡಬ್ಬಿ, ಸಂಜೆ ಒಂದು ಡಬ್ಬಿ. ಮಾವ ಬೆತ್ತ ಹಿಡಿದು ಹೊರಡುವರು. ಹೋಗಲು ಒಂದೂವರೆ ಮೈಲಿ, ಬರಲು ಒಂದೂವರೆ ಮೈಲಿ, ಅರ್ಧ ಇಳಿಜಾರು, ಅರ್ಧ ಏರು. ಡಬ್ಬಿ ಖಾಲಿಯಾಗಿ, ತೊಳೆದಂತೆ ಸ್ವಚ್ಛವಾಗಿ ಮರಳುತ್ತಿತ್ತು. ಎರಡನೆಯ ವಾರ ಮಾವ ಇನ್ನೂ ದೊಡ್ಡ ಡಬ್ಬಿ ಇದೆಯೇ ಎಂದು ಕೇಳಿದರು. ಹತ್ತು ಸೇರು ಮುಗಿಯಿತು. ನಾನು ಮತ್ತೆ ಕುಶಾಲನಗರದ ಬಸ್ಸು ಹತ್ತಿದೆ. ಎಲ್ಲವನ್ನೂ ಪುಸ್ತಕದಲ್ಲಿ ದಾಖಲಿಸಿದೆ: ತಾರೀಖು, ಬೇಯಿಸಿದ ಪ್ರಮಾಣ, ಡಬ್ಬಿಯ ಸ್ಥಿತಿ, ವಾರದ ಕೊನೆಗೆ ಡಾಕ್ಟರರು ಹೇಳಿದ ಅಂಕಿ.

ಅಂಕಿ ಇಳಿಯಿತು! ಮೊದಲ ವಾರ ಸ್ವಲ್ಪ. ಮೂರನೆಯ ವಾರ ಎದ್ದು ಕಾಣುವಷ್ಟು. ಏಳನೆಯ ವಾರ ಡಾಕ್ಟರರು ಪಾದರಸವನ್ನು ಎರಡು ಸಲ ನೋಡಿ, ಕನ್ನಡಕವನ್ನು ತೆಗೆಯದೆ, “ಕುಶಾಲಪ್ಪನವರೇ, ಏನು ಮಾಡ್ತಾ ಇದ್ದೀರೋ ಅದನ್ನೇ ಮಾಡ್ತಾ ಹೋಗಿ” ಎಂದರು.

ದೇವಕಿ ಆಸ್ಪತ್ರೆಯ ಮೆಟ್ಟಿಲಲ್ಲೇ ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, “ಬಾಟಲಿ ವಿಷಯಕ್ಕೆ ನಾನು ಅಂದದ್ದು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನಿಮ್ಮಿಂದ ಅಪ್ಪ ಉಳಿದರು” ಎಂದಳು. ಮದುವೆಯಾದ ಹನ್ನೊಂದು ವರ್ಷದಲ್ಲಿ ಅವಳು ನನ್ನನ್ನು ಹೊಗಳಿದ್ದು ಅದೇ ಮೊದಲು. ಪಕ್ಕದಲ್ಲಿದ್ದ ಮಾವ ಏನೋ ಹೇಳಲು ಬಾಯಿ ತೆರೆದರು. ಮಗಳ ಮುಖ ನೋಡಿ ಮುಚ್ಚಿದರು.

ನಾನು ಅಂದೇ ವರದಿ ಬರೆದೆ. ಒಂದು ಸುದ್ದಿಗೆ ಎರಡು ಆಧಾರ ಬೇಕು. ನನ್ನ ಬಳಿ ಎರಡಿದ್ದವು: ಇಳಿದ ಅಂಕಿ ಮತ್ತು ಬರಿದಾದ ಡಬ್ಬಿ. ಸಂಪಾದಕರು ಅದಕ್ಕೆ ಮೂರನೆಯ ಪುಟದಲ್ಲಿ ಎರಡು ಕಾಲಂ ಜಾಗ ಕೊಟ್ಟು, “ಸೋಯಾ ಸೇವನೆಯಿಂದ ರಕ್ತನಾಳಕ್ಕೆ ಹೊಸ ಚೈತನ್ಯ: ಮಡಿಕೇರಿಯಲ್ಲಿ ಪ್ರಯೋಗ ಸಫಲ” ಎಂದು ತಲೆಬರಹ ಹಾಕಿದರು. ಅದರಲ್ಲಿ ‘ಎನ್ನಲಾಗಿದೆ’ ಎಂಬ ಪದ ಒಂದು ಕಡೆಯೂ ಇರಲಿಲ್ಲ. ಅದರ ಬಗ್ಗೆ ನನಗೆ ವಿಶೇಷ ಹೆಮ್ಮೆಯಿತ್ತು.

ಅದೇ ವಾರ ಸುಬೇದಾರರು ಒಂದು ಪಾತ್ರೆ ಹಂದಿ ಸಾರು ಕಳಿಸಿದರು. ಮಾವ ತಮ್ಮ ಎಲೆಗೆ ಗಂಜಿ, ಚಟ್ನಿ ಹಾಕಿಸಿಕೊಂಡು ಕುಳಿತರು. ಆ ಪಾತ್ರೆಯನ್ನು ಮಾತ್ರ, ಬಸ್ಸು ಹತ್ತಿಸಿದ ನೆಂಟರನ್ನು ನೋಡುವಂತೆ ನೋಡುತ್ತಿದ್ದರು.

“ನೀವು ತಿನ್ನಿ ಅಳಿಯ. ಈ ಹಂದಿಲಿ ನಿಮ್ಗೆ ಹಕ್ಕುಟ್ಟು” ಎಂದರು.

ಹಿರಿಯರ ಆಶೀರ್ವಾದವೆಂದು ತಿಳಿದು ಮೂರು ಸಲ ಹಾಕಿಸಿಕೊಂಡೆ. ಮಾಂಸ ಬಹಳ ಮೃದುವಾಗಿತ್ತು.

ವರದಿ ಓದಿದ ಪ್ರದರ್ಶನದ ಅಧಿಕಾರಿ ಕುಶಾಲನಗರದಿಂದ ಓಡಿಬಂದರು. ಮಡಿಕೇರಿಯಲ್ಲಿ ಒಂದು ಸಭೆ ಏರ್ಪಡಿಸೋಣ, ನಿಮ್ಮ ಮಾವನವರೇ ವೇದಿಕೆಗೆ ಬಂದು ಅನುಭವ ಹೇಳಲಿ ಎಂದರು.

“ನಂಗೆ ಬೊತ್ತು, ನಾನು ಬರುದಿಲ್ಲೆ” ಎಂದರು ಮಾವ ತಕ್ಷಣ.

“ನಾಡಿಗೆ ಉಪಕಾರವಾಗುತ್ತದೆ ಮಾವ.”

“ನಾಡಿಗೆ ಬೇರೆ ಯಾರಾದರೂ ಉಪಕಾರ ಮಾಡಲಿ. ನಾನು ಸಭೆಲಿ ಸುಳ್ಳು ಹೇಳುವ ಜನ ಅಲ್ಲ.”

ಸಂಕೋಚದ ಮಾತು ಎಂದುಕೊಂಡೆ. ನಾಲ್ಕು ದಿನ ಬಿಡದೆ ಒತ್ತಾಯಿಸಿದೆ. ಕೊನೆಗೆ ಅವರು, “ಬರ್ತೆ. ಆದರೆ ಕೇಳಿದ್ದಕ್ಕೆ ಇದ್ದದ್ದನ್ನೇ ಹೇಳುದು” ಎಂದರು. “ಇದ್ದದ್ದನ್ನೇ ಹೇಳಿ. ಅದಕ್ಕೇ ಕರೆಯುತ್ತಿರುವುದು!” ಎಂದೆ.

ಸಭೆಗೆ ಜನ ತುಂಬಿದ್ದರು. ತೋಟದವರು, ತೋಟಗಳ ಲೆಕ್ಕ ಬರೆಯುವ ರೈಟರುಗಳು, ಶಾಲೆಯ ಮೇಷ್ಟರು, ಪ್ರೆಶರ್ ಇದ್ದವರು, ಇದೆಯೆಂದು ಸಂಶಯವಿದ್ದವರು. ಮುಂದಿನ ಸಾಲಿನಲ್ಲಿ ಡಾಕ್ಟರರು, ದೇವಕಿ, ಸುಬೇದಾರರು. ನಾನು ಇಪ್ಪತ್ತು ನಿಮಿಷ ಮಾತಾಡಿದೆ. ರಕ್ತನಾಳವನ್ನು ತೋಟದ ನೀರಿನ ಕೊಳವೆಗೂ, ಕೊಬ್ಬನ್ನು ಅದರಲ್ಲಿ ಕಟ್ಟುವ ಪಾಚಿಗೂ ಹೋಲಿಸಿದೆ. ಚಪ್ಪಾಳೆ ಬಿತ್ತು. ಆಮೇಲೆ ಮಾವನನ್ನು ಕರೆದೆ. ಅವರು ಬಂದು, ಬೆತ್ತ ಊರಿ, ಯಾರಾದರೂ ಏನಾದರೂ ಕೇಳಲಿ ಎಂಬಂತೆ ನಿಂತರು.

ಹಿಂದಿನ ಸಾಲಿನಿಂದ ಒಬ್ಬ ಬೆಳೆಗಾರರು ಎದ್ದರು. “ದಿನಕ್ಕೆ ಎಷ್ಟು ಸೋಯಾ ತಿಂದಿರಿ ಗೌಡ್ರೇ?”

“ನಾನು ತಿಂದಿಲ್ಲೆ” ಎಂದರು ಮಾವ.

ನಾನು ನಕ್ಕೆ. ಬೇರೆ ಯಾರೂ ನಗಲಿಲ್ಲ.

“ಮಾವ, ದಿನಕ್ಕೆ ಎರಡು ಡಬ್ಬಿ...”

“ಎರಡು ಡಬ್ಬಿ ಹೌದು. ತಿಂದದ್ದು ಸುಬೇದಾರರ ಹಂದಿ.”

ಆಗ ಸುಬೇದಾರರು ಎದ್ದು ಅಟೆನ್ಷನ್ ನಿಂತು ಸಾಕ್ಷಿ ನುಡಿದರು. ಅವರನ್ನು ಯಾರೂ ಕರೆದಿರಲಿಲ್ಲ.

“ನಿಜ. ಎರಡು ಹೊತ್ತೂ ಗೌಡರೇ ತಂದು, ದೊಡ್ಡಿಯ ಮುಂದೆ ನಿಂತು, ತಮ್ಮ ಕೈಯಾರೆ ಹಾಕಿದ್ದಾರೆ. ಹಂದಿ ಫಸ್ಟ್ ಕ್ಲಾಸ್ ಆಯ್ತು. ಮೈಯಲ್ಲಿ ಹೊಳಪು ಬಂತು, ನಡಿಗೆಯಲ್ಲಿ ಚುರುಕು ಬಂತು. ಹೋದ ವಾರ ಕಡಿದೆವು. ಬಾತ್ಮೀದಾರರು ಬರೆದದ್ದು ಸುಳ್ಳಲ್ಲ. ಮೂವತ್ತು ವರ್ಷದಿಂದ ಹಂದಿ ಕಡೀತಾ ಇದ್ದೇನೆ, ಅಷ್ಟು ಚೊಕ್ಕ ರಕ್ತನಾಳ ನಾನು ನೋಡಿಲ್ಲ!”

ಸಭೆ ಮುಗಿಯಿತು ಎಂದು ಯಾರೂ ಘೋಷಿಸಲಿಲ್ಲ. ಘೋಷಿಸಿದ್ದರೂ ಆ ನಗುವಿನಲ್ಲಿ ಕೇಳಿಸುತ್ತಿರಲಿಲ್ಲ. ಅಧಿಕಾರಿ ತಮ್ಮ ಮಾದರಿ ಕಾಳುಗಳನ್ನು ಚೀಲಕ್ಕೆ ತುಂಬಿಕೊಳ್ಳತೊಡಗಿದರು. ದೇವಕಿ ಮಾತ್ರ ನಗಲಿಲ್ಲ. ನೇರವಾಗಿ ಡಾಕ್ಟರರ ಮುಂದೆ ಹೋಗಿ ನಿಂತಳು.

“ಡಾಕ್ಟ್ರೇ, ಹಾಗಾದರೆ ಅಪ್ಪನ ಪ್ರೆಶರ್ ಇಳಿದದ್ದೂ ಸುಳ್ಳಾ?”

“ಅದು ಸುಳ್ಳಲ್ಲಮ್ಮ. ನಾನೇ ನೋಡಿದ್ದೇನೆ.” ಡಾಕ್ಟರರು ಮಾವನ ಕಡೆ ತಿರುಗಿದರು. “ಅಲ್ಲಿ ಸುಬೇದಾರರ ಮನೆಯಲ್ಲಿ ಹಂದಿ ಏನಾದರೂ ತಿಂದಿರಾ?”

“ಮಗಳ ತಲೆ ಮುಟ್ಟಿ ಮಾತು ಕೊಟ್ಟದ್ದುಟ್ಟು. ಒಂದು ತುಂಡೂ ಮುಟ್ಟಿಲ್ಲೆ” ಎಂದರು ಮಾವ. ಆಮೇಲೆ ನನ್ನನ್ನು ನೋಡಿ, “ಸೋಯಕ್ಕೆ ನಾನು ಎಂಥ ಮಾತೂ ಕೊಟ್ಟಿಲ್ಲೆ ಅಳಿಯ” ಎಂದರು.

“ಹಂದಿ ಬಿಟ್ಟಿರಿ, ಉಪ್ಪು ಕಡಿಮೆ ಮಾಡಿದಿರಿ, ದಿನಾ ಆರು ಮೈಲಿ ಗುಡ್ಡ ಹತ್ತಿ ಇಳಿದಿರಿ. ಪ್ರೆಶರ್ ಇಳಿಯದೆ ಏನು ಮಾಡುತ್ತೆ?” ಎಂದರು ಡಾಕ್ಟರರು. ನನ್ನ ಭುಜ ತಟ್ಟಿದರು. “ನಿಮ್ಮ ಸೋಯಾ ಒಳ್ಳೆಯದೇ ಇರಬಹುದು ಸ್ವಾಮಿ. ಆದರೆ ಅದು ಗೊತ್ತಾಗಬೇಕಾದರೆ ಇವರು ತಿನ್ನಬೇಕಾಗಿತ್ತು.”

ದೇವಕಿ ಅಪ್ಪನ ಕೈ ಹಿಡಿದುಕೊಂಡಳು. ಅವಳಿಗೆ ಅಷ್ಟು ಸಾಕಾಗಿತ್ತು. ಆಮೇಲೆ ಅವಳಿಗೆ ನಗು ಬಂತು. ಆ ನಗು ಮನೆ ಮುಟ್ಟುವವರೆಗೂ ನಿಲ್ಲಲಿಲ್ಲ.

ನನಗೆ ಸಾಕಾಗಲಿಲ್ಲ. ಮನೆಗೆ ಬಂದು ಸಂಪಾದಕರಿಗೆ ನಾಲ್ಕು ಪುಟದ ಪತ್ರ ಬರೆದೆ. ಮಾವನವರು ದಿನಕ್ಕೆ ಆರು ಮೈಲಿ ನಡೆದದ್ದು ಸೋಯಾದಿಂದ ತಪ್ಪಿಸಿಕೊಳ್ಳಲು. ನಡೆದದ್ದರಿಂದ ಪ್ರೆಶರ್ ಇಳಿಯಿತು. ಆದ್ದರಿಂದ ಪ್ರೆಶರ್ ಇಳಿದದ್ದು ಸೋಯಾದಿಂದಲೇ. ಆದ್ದರಿಂದ ನನ್ನ ವರದಿ ಮೂಲತಃ ಸರಿಯಾಗಿದೆ ಎಂದು ವಾದಿಸಿದೆ. ತರ್ಕದಲ್ಲಿ ಒಂದು ಬಿರುಕೂ ಇರಲಿಲ್ಲ.

ಸಂಪಾದಕರಿಂದ ಕಾರ್ಡು ಬಂತು. ಎರಡೇ ಪದ: “ತಿದ್ದುಪಡಿ ಕಳಿಸಿ.”

ಐದು ಸಲ ಬರೆದು ಹರಿದೆ. ಹೇಗೆ ಬರೆದರೂ ಸತ್ಯವೂ ಉಳಿಯಬೇಕು, ಮಾವನ ಮರ್ಯಾದೆಯೂ ಉಳಿಯಬೇಕು. ಕೊನೆಗೆ ಅಚ್ಚಾದದ್ದು ಇಷ್ಟು: “ಇತ್ತೀಚೆಗೆ ಪ್ರಕಟವಾದ ಸೋಯಾ ಕುರಿತ ವರದಿಯಲ್ಲಿ ‘ಬಾತ್ಮೀದಾರರ ಮಾವನವರು’ ಎಂದು ಬಂದಿರುವ ಕಡೆಗಳಲ್ಲೆಲ್ಲ ಓದುಗರು ದಯವಿಟ್ಟು ‘ಹಂದಿ’ ಎಂದು ಓದಿಕೊಳ್ಳಬೇಕು.”

ಮಾವ ಅದನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು ಚೇರಂಬಾಣೆಗೆ ಮರಳಿದರು. ಅಲ್ಲೂ ನಡಿಗೆ ಬಿಡಲಿಲ್ಲವಂತೆ. ಎದುರು ಸಿಕ್ಕವರು ಆರೋಗ್ಯ ವಿಚಾರಿಸಿದರೆ ನಿಂತು, ಕಾಗದ ಬಿಚ್ಚಿ, ಓದಲು ಕೊಡುತ್ತಾರಂತೆ. ಓದಿದವರೆಲ್ಲ ಕೆಳಗಿನ ಹೆಸರನ್ನೂ ಓದುತ್ತಾರೆ. ಹದಿನಾಲ್ಕು ವರ್ಷ ನನ್ನ ಯಾವ ಬರಹಕ್ಕೂ ‘ನಮ್ಮ ಬಾತ್ಮೀದಾರರಿಂದ’ ಎಂಬುದಕ್ಕಿಂತ ಹೆಚ್ಚು ಹಾಕದಿದ್ದ ಪತ್ರಿಕೆ, ತಪ್ಪು ಯಾರದೆಂದು ಓದುಗರಿಗೆ ಸಂಶಯ ಉಳಿಯಬಾರದೆಂದು, ಅಂದು ಮೊದಲ ಬಾರಿಗೆ ನನ್ನ ಪೂರ್ತಿ ಹೆಸರನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿತ್ತು.